ಅಕ್ಕನ ಕೆಂಪು ದಾರ

ಪುಣೆಯ ನಮ್ಮ ಕನ್ನಡ ಸಂಘದ ಕಾರ್ಯದರ್ಶಿಗಳು ಹೋದ ತಿಂಗಳು ಮನೆಗೇ ಬಂದರು. ವಾರ್ಷಿಕ ಸಂಚಿಕೆಗೆ ನಮ್ಮ ಲ್ಯಾಬಿನ ಅಕ್ಕನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬೇಕಂತೆ. "ಹದಿಮೂರು ವರ್ಷ ಒಂದ ಲ್ಯಾಬಿನ್ಯಾಗ ಕೆಲಸ ಮಾಡೀರಿ. ನಿಮಗಿಂತ ಚೊಲೋ ಮತ್ಯಾರು ಬರೀತಾರ್ರೀ?" ಎಂದರು. ಅಕ್ಕ ತೀರಿಕೊಂಡು ಆಗಿನ್ನೂ ಹದಿನೈದು ದಿನ ಆಗಿರಲಿಲ್ಲ. ನಾನು ಹೂಂ ಅಂದೆ. ಅಂದ ಮರುಗಳಿಗೆಗೇ ಹೊಟ್ಟೆಯೊಳಗೆ ಹಳೆಯ ಉರಿ ಎದ್ದಿತು. ಇಷ್ಟು ವರ್ಷ ಸಂಘಕ್ಕೆ ಚಂದಾ ಕೊಟ್ಟು ಕುರ್ಚಿ ಜೋಡಿಸಿದವನು ನಾನು. ನನ್ನ ಬಗ್ಗೆ ಎರಡು ಸಾಲು ಬರೆಯೋಣ ಎಂದು ಯಾರಿಗೂ ಅನಿಸಿಲ್ಲ. ಸಂಘದ ಮೆಟ್ಟಿಲನ್ನೇ ಹತ್ತದ ಆ ಹೆಂಗಸಿನ ಬಗ್ಗೆ ಬರೆಸಲು ಮಾತ್ರ ಮನೆ ಹುಡುಕಿಕೊಂಡು ಬರುತ್ತಾರೆ.

ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ನನಗೆ ಅಕ್ಕನನ್ನು ಕಂಡರೆ ಹೊಟ್ಟೆಕಿಚ್ಚು. ಅವರು ಬದುಕಿದ್ದಾಗ ಇತ್ತು, ಈಗಲೂ ಇದೆ. ಅದನ್ನು ಬದಿಗಿಟ್ಟು ಬರೆಯಲು ಎರಡು ಸಲ ಪ್ರಯತ್ನಿಸಿದೆ. ಎರಡು ಸಲವೂ ಅದು ಯಾವುದೋ ಪುಣ್ಯವಂತೆಯ ಶ್ರದ್ಧಾಂಜಲಿಯಾಯಿತೇ ಹೊರತು ಅಕ್ಕ ಆಗಲಿಲ್ಲ. ಹರಿದು ಹಾಕಿದೆ.

ಇನ್ನೊಂದು ತೊಡಕೂ ಇದೆ. ಅಕ್ಕನ ವಿಷಯದಲ್ಲಿ ನಾನು ನನ್ನ ಹೆಂಡತಿಗೆ ಒಂದು ಸುಳ್ಳು ಹೇಳಿ ಹನ್ನೆರಡು ವರ್ಷವಾಯಿತು. ಇಲ್ಲಿ ನಿಜ ಬರೆದರೆ ಅವಳಿಗೆ ತಿಳಿಯುತ್ತದೆ, ಸಂಘದ ಸಂಚಿಕೆ ಬಂದರೆ ಮನೆಯಲ್ಲಿ ಮೊದಲು ಬಿಡಿಸುವವಳೇ ಅವಳು. ಬರೆಯದೆ ಬಿಟ್ಟರೆ ಅಕ್ಕನ ಬಗ್ಗೆ ಹೇಳಬೇಕಾದ ಮುಖ್ಯ ಸಂಗತಿಯೇ ಬಿಟ್ಟುಹೋಗುತ್ತದೆ. ಸಂಚಿಕೆ ಅಚ್ಚಾಗುವ ಮೊದಲು ಅವಳಿಗೆ ಬಾಯಿಬಿಟ್ಟು ಹೇಳಬೇಕು. ಇದನ್ನು ಬರೆಯಲು ಕೂತಾಗ ಇನ್ನೂ ಹೇಳಿರಲಿಲ್ಲ.

ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಧಾರವಾಡದಿಂದ ಬಿ.ಎಸ್ಸಿ. ಮುಗಿಸಿ ಪುಣೆಯ ಪೇಟೆಯೊಂದರ ಆಸ್ಪತ್ರೆಯ ಲ್ಯಾಬಿಗೆ ಸೇರಿದೆ. ರಕ್ತ, ಮೂತ್ರ, ಕಫ ಪರೀಕ್ಷೆ ಮಾಡುವ ಉದ್ದನೆಯ ಕೋಣೆ. ಮೊದಲ ದಿನ ಕಿಟಕಿಯ ಪಕ್ಕದ ಮೇಜಿನಲ್ಲಿ ಇಳಕಲ್ ಸೀರೆಯ ಮೇಲೆ ಬಿಳಿ ಕೋಟು ಹಾಕಿಕೊಂಡ ಒಬ್ಬ ಹೆಂಗಸು ಪರೀಕ್ಷಾನಳಿಕೆಯನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ತುರುಬಿನಲ್ಲಿ ಹೂವಿನ ಬದಲು ಗಾಜಿನ ಮೇಲೆ ಬರೆಯುವ ಕೆಂಪು ಪೆನ್ಸಿಲ್ಲು. ನನ್ನ ಹೆಸರು ಕೇಳಿದರು, ಊರು ಕೇಳಿದರು, ಬಾಗಲಕೋಟೆ ಕಡೆಯವನೆಂದು ಗೊತ್ತಾಗುತ್ತಲೇ ಮರಾಠಿ ಬಿಟ್ಟು ಕನ್ನಡಕ್ಕೆ ಹೊರಳಿದರು. "ಚೊಲೋ ಆತು ತಮ್ಮಾ. ಮೊದಲ ಕೈ ತೊಳಕೊಂಡ ಬಾ. ಮೊಣಕೈತನಾ" ಎಂದರು.

ನನಗಿಂತ ಇಪ್ಪತ್ತೆರಡು ಇಪ್ಪತ್ತಮೂರು ವರ್ಷ ದೊಡ್ಡವರು, ತಮ್ಮಾ ಎಂದದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ನಾನು ಡಿಗ್ರಿ ಮಾಡಿದವನು, ಅವರು ಮ್ಯಾಟ್ರಿಕ್ ಮುಗಿಸಿ ಒಂದು ವರ್ಷದ ತರಬೇತಿ ಪಡೆದವರು. ಎಲ್ಲರೆದುರು ಏಕವಚನದಲ್ಲಿ ಕೈ ತೊಳೆದುಕೊಂಡು ಬಾ ಎನ್ನಿಸಿಕೊಳ್ಳಲು ನಾನು ಪುಣೆಗೆ ಬಂದಿರಲಿಲ್ಲ. ನನ್ನ ಹೊಟ್ಟೆಕಿಚ್ಚಿನ ಮೊದಲ ಕಿಡಿ ಆ ನಲ್ಲಿಯ ಕೆಳಗೇ ಹೊತ್ತಿಕೊಂಡಿತು. ಲ್ಯಾಬಿನಲ್ಲಿ ಮರಾಠಿಯವರೂ ಕನ್ನಡದವರೂ ಅವರನ್ನು ಅಕ್ಕಾ ಎಂದೇ ಕರೆಯುತ್ತಿದ್ದರು. ಎರಡು ಭಾಷೆಯಲ್ಲೂ ಸಲ್ಲುವ ಹೆಸರು. ನಾನು ಮಾತ್ರ ಒಂದು ವರ್ಷ ಯಾವ ಹೆಸರಿನಿಂದಲೂ ಕರೆಯದೆ ಹೇಗೋ ನಿಭಾಯಿಸಿದೆ.

ಅವರಿಗೂ ದೋಷಗಳಿದ್ದವು. ಅವುಗಳ ಪಟ್ಟಿಯನ್ನೇ ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಅಕ್ಷರ ಕೋಳಿ ಕೆದರಿದ ಹಾಗೆ. ಕಿಟಕಿಯ ಜಾಗವನ್ನು ಯಾರಿಗೂ ಬಿಟ್ಟುಕೊಟ್ಟವರಲ್ಲ. ಯಾರನ್ನೂ ಹೊಗಳಿದವರಲ್ಲ. ಶನಿವಾರ ಮಧ್ಯಾಹ್ನ ಒಂದು ಗಂಟೆಯಾಗುತ್ತಲೇ, ದೊಡ್ಡ ಡಾಕ್ಟರು ಕೂಗಿದರೂ ಕಿವಿಗೊಡದೆ, ಇಂದಾಪುರದಲ್ಲಿದ್ದ ತಾಯಿಯ ಹತ್ತಿರ ಹೋಗಲು ಸ್ವಾರಗೇಟಿನ ಎಸ್.ಟಿ. ಸ್ಟ್ಯಾಂಡಿಗೆ ಓಡಿಬಿಡುತ್ತಿದ್ದರು. ಗಂಡ ಇದ್ದನೋ ಇಲ್ಲವೋ ಗೊತ್ತಿಲ್ಲ. ಕೇಳುವ ಧೈರ್ಯ ಲ್ಯಾಬಿನಲ್ಲಿ ಯಾರಿಗೂ ಇರಲಿಲ್ಲ.

ಲ್ಯಾಬಿನಲ್ಲಿ ಸಕ್ಕರೆ ಪರೀಕ್ಷೆಯ ರಕ್ತಕ್ಕೆ ಬೇಕಾದ ಬಾಟಲಿಗಳನ್ನು ತಯಾರಿಸುವುದು ಅಕ್ಕನ ಕೆಲಸ. ಖಾಲಿಯಾದ ಪೆನಿಸಿಲಿನ್ ಇಂಜೆಕ್ಷನ್ನಿನ ಪುಟ್ಟ ಗಾಜಿನ ಬಾಟಲಿಗಳನ್ನು ತೊಳೆದು ಒಣಗಿಸಿ, ಒಂದೊಂದಕ್ಕೂ ಫ್ಲೋರೈಡ್ ಬೆರೆಸಿದ ಮದ್ದನ್ನು ಹಾಕಿ, ಕತ್ತಿಗೆ ಒಂದೆಳೆ ಕೆಂಪು ದಾರ ಕಟ್ಟಿಡುತ್ತಿದ್ದರು. ದಾರ ಕಟ್ಟಿದ್ದರೆ ಅದು ಸಕ್ಕರೆಯ ಬಾಟಲಿ. ಫ್ಲೋರೈಡು ವಿಷವಾದ್ದರಿಂದ ಅದೂ ತಯಾರಾದ ಬಾಟಲಿಗಳೂ ಒಂದು ಕಪಾಟಿನಲ್ಲಿ ಇರುತ್ತಿದ್ದವು. ಕಪಾಟಿನ ಕೀಲಿಕೈ ಅವರ ಸೊಂಟದಲ್ಲಿ.

ಈ ಮದ್ದು ಯಾಕೆ ಎಂದು ನರ್ಸಿಂಗ್ ಕಲಿಯುವ ಹುಡುಗಿಯರಿಗೆ ಪಾಠ ಹೇಳುವ ಕೆಲಸ ಒಮ್ಮೆ ನನಗೆ ಬಂತು. ನನಗೆ ಅದು ಕರತಲಾಮಲಕ. ಜೀವಕೋಶ ಗ್ಲೂಕೋಸನ್ನು ಒಡೆಯುವ ಹತ್ತು ಮೆಟ್ಟಿಲುಗಳನ್ನೂ, ಒಂದೊಂದು ಮೆಟ್ಟಿಲಿನ ಕಿಣ್ವವನ್ನೂ ಹಲಗೆಯ ತುಂಬ ಬರೆದೆ. ಮೊದಲು ಎರಡು ಎ.ಟಿ.ಪಿ., ಅಂದರೆ ಜೀವಕೋಶದ ಶಕ್ತಿಯ ನಾಣ್ಯ, ಖರ್ಚು, ಆಮೇಲೆ ನಾಲ್ಕು ಹುಟ್ಟುವಳಿ, ಉಳಿಯುವುದು ಎರಡು. ಫ್ಲೋರೈಡು ಒಂಬತ್ತನೆಯ ಮೆಟ್ಟಿಲಿನ ಕಿಣ್ವವನ್ನು ಕಟ್ಟಿಹಾಕುತ್ತದೆ, ಅದಕ್ಕೇ ಬಾಟಲಿಯಲ್ಲಿ ಸಕ್ಕರೆ ಉಳಿಯುತ್ತದೆ. ಹಿಂದೆ ತಿರುಗಿ ನೋಡಿದರೆ ಮುಂದಿನ ಸಾಲಿನ ಹುಡುಗಿ ಆಕಳಿಸುತ್ತಿದ್ದಳು.

ಮರುವಾರ ಅದೇ ಹುಡುಗಿಯರು ಅಕ್ಕನ ಮೇಜಿನ ಸುತ್ತ ನಿಂತಿದ್ದರು. ಅಕ್ಕ ಬೆಳಿಗ್ಗೆಯೇ ತಮ್ಮ ತೋಳಿನಿಂದ ರಕ್ತ ತೆಗೆಸಿಕೊಂಡು ಎರಡು ಬಾಟಲಿಗೆ ಹಾಕಿಸಿದ್ದರು. ಒಂದಕ್ಕೆ ಕೆಂಪು ದಾರವಿತ್ತು, ಇನ್ನೊಂದಕ್ಕೆ ಇರಲಿಲ್ಲ. ಸಂಜೆ ಎರಡನ್ನೂ ಪರೀಕ್ಷೆ ಮಾಡಿ ಎರಡು ನಳಿಕೆಗಳನ್ನು ಬೆಳಕಿಗೆ ಹಿಡಿದರು. ಆ ರಕ್ತಪರೀಕ್ಷೆಯಲ್ಲಿ ಸಕ್ಕರೆ ಹೆಚ್ಚಿದ್ದಷ್ಟೂ ನೀಲಿ ಗಾಢ. ದಾರದ ಬಾಟಲಿಯದು ಗಾಢ ನೀಲಿ, ಇನ್ನೊಂದು ನೀರು ಬೆರೆಸಿದ ಹಾಗೆ ತಿಳಿ. ಒಬ್ಬರದೇ ರಕ್ತ, ಒಂದೇ ಹೊತ್ತಿಗೆ ತೆಗೆದದ್ದು.

"ರಕ್ತ ಬಾಟ್ಲ್ಯಾಗ ಬಂದ್ರೂ ಅದರ ಹಸಿವು ಬಿಡೂದಿಲ್ಲ" ಎಂದರು ಅಕ್ಕ. ಮೊದಲು ಕನ್ನಡದಲ್ಲಿ ನನ್ನ ಕಡೆ ನೋಡಿ, ಆಮೇಲೆ ಅದನ್ನೇ ಮರಾಠಿಯಲ್ಲಿ ಹುಡುಗಿಯರಿಗೆ. "ಕೆಂಪು ಕಣಕ್ಕ ಗೊತ್ತ ಇಲ್ಲ, ತಾ ಮೈಯಿಂದ ಹೊರಗ ಬಂದೇನಿ ಅಂತ. ಊರಿಗೆಲ್ಲ ಪ್ರಾಣವಾಯು ಹೊತ್ತು ಹಾಕ್ತದ, ತಾ ಮಾತ್ರ ಒಂದ ಗುಟುಕೂ ಮುಟ್ಟೂದಿಲ್ಲ. ಸಕ್ಕರಿ ಮುರದು, ಮುರದು, ಅದರಾಗ ಬಾಳೇ ಮಾಡ್ತದ. ದಾರ ಇಲ್ಲದ ಬಾಟ್ಲ್ಯಾಗ ಮುಂಜಾನಿಂದ ಸಂಜೀತನಾ ಸುಮ್ಮ ಉಣಕೋತ ಕುಂತಿತ್ತು. ನಾವು ರಿಪೋರ್ಟ್ ಬರೀತೀವಿ, ಸಕ್ಕರಿ ಕಮ್ಮಿ ಅದ ಅಂತ."

ಹುಡುಗಿಯರು ನಕ್ಕರು. ಪರೀಕ್ಷೆಯಲ್ಲಿ ಎಲ್ಲರೂ ಆ ಪ್ರಶ್ನೆಗೆ ಸರಿಯುತ್ತರ ಬರೆದರು ಎಂದು ಮೇಟ್ರನ್ ಬಂದು ನನ್ನನ್ನು ಅಭಿನಂದಿಸಿದರು. ಪಾಠ ನನ್ನ ಹೆಸರಿನಲ್ಲಿತ್ತಲ್ಲ! ನಾನು ಸುಮ್ಮನೆ ತಲೆಯಾಡಿಸಿದೆ. ಈಗ ಯೋಚಿಸಿದರೆ, ಅಕ್ಕನದನ್ನು ನನ್ನದೆಂದು ನುಂಗುವ ಅಭ್ಯಾಸ ಶುರುವಾದದ್ದು ಅಲ್ಲಿಂದಲೇ.

ನನ್ನ ಕಾಲೇಜಿನ ದಪ್ಪ ಜೀವರಸಾಯನ ಪುಸ್ತಕವನ್ನು ಅಕ್ಕ ಒಮ್ಮೆ ಕೇಳಿ ಒಯ್ದರು. ಇಂಗ್ಲಿಷ್ ಅವರಿಗೆ ಅಷ್ಟಕ್ಕಷ್ಟೆ. ನಾಲ್ಕು ದಿನದಲ್ಲಿ ವಾಪಸು ಕೊಡುತ್ತಾರೆ ಅಂದುಕೊಂಡಿದ್ದೆ. ಎಂಟು ತಿಂಗಳು ಇಟ್ಟುಕೊಂಡರು. ಪ್ರತಿ ಶನಿವಾರ ಇಂದಾಪುರದ ಬಸ್ಸಿನಲ್ಲಿ ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಿದ್ದರಂತೆ. ಸೋಮವಾರ ಬಂದರೆ ಪ್ರಶ್ನೆಗಳು. "ತಮ್ಮಾ, ಈ ಗ್ಲೂಕೋಸ್ ಒಡಿಯೂದ್ರಾಗ ಮೊದಲ ಎರಡು ಎ.ಟಿ.ಪಿ. ಯಾಕ ಹಾಕಬೇಕು? ಶಕ್ತಿ ಗಳಸಾಕ ಹೊಂಟದ್ದು, ಮೊದಲ ತಾನ ಯಾಕ ಕಳಕೊಂತದ?"

ಆ ಪ್ರಶ್ನೆ ನನಗೆ ಎಂದೂ ಎದ್ದಿರಲಿಲ್ಲ. "ಅದು ಹಂಗ ಅದ್ರಿ. ಪುಸ್ತಕದಾಗ ಹಂಗ ಕೊಟ್ಟಾರ" ಎಂದೆ.

ಅಕ್ಕ ಪುಸ್ತಕ ಮುಚ್ಚಿ, "ಒಲಿ ಹೊತ್ತಸಾಕ ಮೊದಲ ಒಂದೀಟು ಚಿಮಣಿ ಎಣ್ಣಿ ಸುರೀಬೇಕಲ್ಲ, ಹಂಗಿರಬೇಕು" ಎಂದರು. ಅಷ್ಟೇ ಹೇಳಿ ಮೂತ್ರದ ಬಾಟಲಿಗಳ ಕಡೆ ತಿರುಗಿದರು. ನಾಲ್ಕು ವರ್ಷ ಹಾಸ್ಟೆಲಿನಲ್ಲಿ ಕಂಠಪಾಠ ಮಾಡಿದ್ದು ನಾನು, ಅದು ತಿಳಿದದ್ದು ಅವರಿಗೆ. ಪುಸ್ತಕ ವಾಪಸು ಬಂದಾಗ ಅಂಚಿನಲ್ಲೆಲ್ಲ ಕೋಳಿ ಕೆದರಿದ ಅಕ್ಷರದ ಪೆನ್ಸಿಲ್ ಟಿಪ್ಪಣಿ. ಬ್ರೆಡ್ಡಿನ ಹಿಟ್ಟು ಉಬ್ಬಿಸುವ ಈಸ್ಟಿನ ಅಧ್ಯಾಯದ ಪಕ್ಕದಲ್ಲಿ, "ಕಣದ್ದೂ ಈಸ್ಟಿಂದೂ ಅಡಗಿ ಒಂದ. ಕಡೀಕ ಹಾಕೂ ಒಗ್ಗರಣಿ ಬ್ಯಾರೆ. ಅದು ಹುಳಿ ಮಾಡ್ತದ, ಇದು ಗಾಳಿ ಮತ್ತು ಕುಡಿಯೂ ಸೆರೆ ಮಾಡ್ತದ" ಎಂದಿತ್ತು. ನಾನು ಸಿಟ್ಟಿನಿಂದ ಒಂದು ಪುಟ ಅಳಿಸಿದೆ. ಆಮೇಲೆ ಅಳಿಸುವುದನ್ನು ಬಿಟ್ಟೆ, ಯಾಕೆಂದರೆ ಟಿಪ್ಪಣಿ ಓದಿದರೆ ಪುಸ್ತಕ ಸುಲಭವಾಗುತ್ತಿತ್ತು.

ಈಗ ಆ ಹತ್ತು ದಿನಗಳ ವಿಷಯಕ್ಕೆ ಬರುತ್ತೇನೆ.

ಮದುವೆಯಾಗಿ ನಾನು ಚಿಂಚವಡದಲ್ಲಿ ಎರಡು ಕೋಣೆಯ ಮನೆ ಹಿಡಿದಿದ್ದೆ. ಮಗಳು ಹುಟ್ಟಿದಾಗ ಬಾಣಂತನಕ್ಕೆ ಅತ್ತೆ ಬಾಗಲಕೋಟೆಯಿಂದ ಬಂದರು. ಒಂದು ಡಬ್ಬಿ ಅಂಟಿನ ಉಂಡೆ, ಒಂದು ಡಬ್ಬಿ ಕೊಬ್ಬರಿ, ಬೆಲ್ಲದ ಪೆಂಟೆ, ತುಪ್ಪ. ಮನೆಯೆಲ್ಲ ಅದೇ ವಾಸನೆ. ಮೂರನೆಯ ವಾರದಲ್ಲಿ ಹೆಂಡತಿ ತುಂಬ ಸುಸ್ತು ಎನ್ನತೊಡಗಿದಳು, ಕೊಡಗಟ್ಟಲೆ ನೀರು ಕುಡಿಯತೊಡಗಿದಳು. ನನಗೆ ದಿಗಿಲಾಯಿತು. ಅವಳ ತಂದೆಗೆ ಸಕ್ಕರೆ ರೋಗವಿತ್ತು. ಅವರ ಒಂದು ಕಾಲನ್ನು ಮೊಣಕಾಲಿನವರೆಗೆ ತೆಗೆದದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ. ಮರುದಿನ ಅವಳ ಮೂತ್ರವನ್ನು ಒಂದು ಬಾಟಲಿಯಲ್ಲಿ ಒಯ್ದು, ಅಕ್ಕ ಊಟಕ್ಕೆ ಹೋದ ಸಮಯ ನೋಡಿ ಬೆನೆಡಿಕ್ಟ್ ದ್ರಾವಣ ಹಾಕಿ ಕಾಯಿಸಿದೆ. ಸಕ್ಕರೆ ಇಲ್ಲದಿದ್ದರೆ ನೀಲಿಯೇ ಉಳಿಯಬೇಕು. ಕಿತ್ತಳೆ ಬಣ್ಣಕ್ಕೆ ತಿರುಗಿತು.

ಆಗ ಅಕ್ಕನನ್ನು ಕೇಳಬೇಕಿತ್ತು. ಹತ್ತು ಹೆಜ್ಜೆ ದೂರದ ಮೇಜು. ಆದರೆ ಕೇಳಿದರೆ ಅವರು ನಳಿಕೆಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚುತ್ತಾರೆ, ನನಗೆ ಕಾಣದ್ದೇನೋ ಅವರಿಗೆ ಕಾಣುತ್ತದೆ, ಆಮೇಲೆ ತಮ್ಮಾ ಎನ್ನುತ್ತಾರೆ. ನನ್ನ ಹೆಂಡತಿಯ ಕಾಯಿಲೆಯಲ್ಲಾದರೂ ನಾನೇ ದೊಡ್ಡವನಾಗಿರಬೇಕು ಎನಿಸಿತು. ಇಂಥ ಕ್ಷುಲ್ಲಕ ವಿಚಾರ ಆ ಹೊತ್ತಿಗೆ ತಲೆಗೆ ಬಂದದ್ದು ನಿಜ. ನಳಿಕೆಯನ್ನು ತೊಳೆದುಬಿಟ್ಟೆ.

ಮನೆಗೆ ಹೋಗಿ ಅಂಟಿನ ಉಂಡೆಯ ಡಬ್ಬಿಯನ್ನು ಅಟ್ಟದ ಮೇಲಿಟ್ಟೆ. ಬೆಲ್ಲ ಬಂದ್, ತುಪ್ಪ ಬಂದ್, ಅನ್ನ ಬಂದ್. ಎರಡು ತೆಳು ಜೋಳದ ರೊಟ್ಟಿ, ಸೊಪ್ಪಿನ ಪಲ್ಯ. ಅತ್ತೆ ಕೆಂಡವಾದರು. "ಹಸೀ ಬಾಣಂತಿಗೆ ಉಪಾಸ ಹಾಕ್ತೀರೇನ್ರಿ, ಅಳಿಯಂದ್ರ? ನಮ್ಮ ಮನೆತನದಾಗ ಹಿಂಗ ಯಾರೂ ಮಾಡಿಲ್ಲ."

"ನಿಮ್ಮ ಮನೆತನದ ರೋಗದ ಸಲುವಾಗೇ ಮಾಡಾಕತ್ತೇನ್ರಿ" ಎಂದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು. ಹೆಂಡತಿ ತಟ್ಟೆಯಲ್ಲಿದ್ದ ರೊಟ್ಟಿ ತಿಂದು ಕೈ ತೊಳೆದಳು. ಗಂಡ ಲ್ಯಾಬಿನವನು, ಅವನಿಗೆ ಗೊತ್ತಿರುತ್ತದೆ ಎಂದು ಪೂರ್ತಿ ನಂಬಿದ್ದಳು.

ಐದನೆಯ ದಿನ ಅವಳ ರಕ್ತವನ್ನೂ ನೋಡಬೇಕೆನಿಸಿತು. ಕೆಂಪು ದಾರದ ಬಾಟಲಿ ಬೇಕಿತ್ತು. ಕೀಲಿಕೈ ಅಕ್ಕನ ಸೊಂಟದಲ್ಲಿ. ಯಾರಿಗೆ, ಯಾಕೆ ಎಂದು ಕೇಳದೆ ಅವರು ಒಂದು ಬಾಟಲಿಯನ್ನೂ ಹೊರಗೆ ಬಿಡುತ್ತಿರಲಿಲ್ಲ. ಚಳಿಗಾಲ, ಬಾಟಲಿ ತಣ್ಣಗಿರುತ್ತದೆ, ಎಷ್ಟು ಮಹಾ ಇಳಿದೀತು ಎಂದು ನನಗೆ ನಾನೇ ಹೇಳಿಕೊಂಡೆ. ಹಲಗೆಯ ಮೇಲೆ ಹತ್ತು ಮೆಟ್ಟಿಲು ಬರೆದು ಪಾಠ ಮಾಡಿದವನು! ಬೆಳಿಗ್ಗೆ ಆರಕ್ಕೆ ಮನೆಯಲ್ಲೇ ರಕ್ತ ತೆಗೆದು, ಹೆಪ್ಪುಗಟ್ಟದಂತೆ ಬೇರೆ ಮದ್ದಿದ್ದ, ಫ್ಲೋರೈಡ್ ಇಲ್ಲದ ಬಾಟಲಿಗೆ ಹಾಕಿ ಅಂಗಿಯ ಜೇಬಿನಲ್ಲಿಟ್ಟೆ. ಅಂದರೆ ಮೈಗೆ ಒತ್ತಿ, ಬೆಚ್ಚಗೆ. ಚಿಂಚವಡದಿಂದ ಬಸ್ಸು, ಬೆಳಗಿನ ಕೆಲಸ, ಆಮೇಲೆ ಅಕ್ಕ ಊಟಕ್ಕೆ ಏಳುವವರೆಗೆ ಕಾಯುವುದು. ಪರೀಕ್ಷೆ ಮಾಡುವ ಹೊತ್ತಿಗೆ ಒಂದು ಗಂಟೆ.

ಸಕ್ಕರೆ ತೀರ ಕಡಿಮೆ ಬಂತು. ನಾನು ಹಿಗ್ಗಿದೆ. ನನ್ನ ಪಥ್ಯ ಫಲ ಕೊಟ್ಟಿದೆ ಅಂದುಕೊಂಡೆ. ಮೂತ್ರ ಮಾತ್ರ ಇನ್ನೂ ಕಿತ್ತಳೆಯೇ. ರಕ್ತದಲ್ಲಿ ಇಳಿದಿದೆ ಎಂದರೆ ದಾರಿ ಸರಿಯಿದೆ, ಮೂತ್ರದಲ್ಲಿ ಉಳಿದಿದೆ ಎಂದರೆ ಪಥ್ಯ ಇನ್ನಷ್ಟು ಬಿಗಿಯಾಗಬೇಕು ಎಂದು ಲೆಕ್ಕ ಹಾಕಿದೆ. ಎರಡು ರೊಟ್ಟಿ ಒಂದಾಯಿತು. ಎದೆಹಾಲು ಬತ್ತತೊಡಗಿತು. ಕೂಸು ಮೊದಮೊದಲು ಜೋರಾಗಿ ಅಳುತ್ತಿತ್ತು, ಆಮೇಲೆ ಅಳುವುದೂ ಸಣ್ಣದಾಯಿತು. ಅತ್ತೆ ಬಟ್ಟಲಲ್ಲಿ ಆಕಳ ಹಾಲಿಗೆ ನೀರು ಬೆರೆಸಿ ಬತ್ತಿಯಿಂದ ಕೂಸಿನ ಬಾಯಿಗೆ ಹಿಂಡುತ್ತಿದ್ದರು. ನನ್ನ ಕಡೆ ನೋಡುತ್ತಿರಲಿಲ್ಲ.

ಹತ್ತನೆಯ ದಿನ ಮತ್ತೆ ರಕ್ತ, ಮತ್ತೆ ಮೂತ್ರ. ಅಂದು ಅಕ್ಕ ಊಟದಿಂದ ಬೇಗ ಬಂದುಬಿಟ್ಟರು. ನನ್ನ ಮೇಜಿನ ಮೇಲೆ ಕಿತ್ತಳೆ ಬಣ್ಣದ ನಳಿಕೆ, ಪಕ್ಕದಲ್ಲಿ ದಾರವಿಲ್ಲದ ಬಾಟಲಿ.

"ಯಾರದಿದು?"

"ನಮ್ಮ ಬಾಜೂ ಮನಿಯವ್ರದ್ರಿ."

"ಬಾಜೂ ಮನಿಯಾಗೂ ಬಾಣಂತಿ ಅದಾಳೇನು?"

ಮಗಳು ಹುಟ್ಟಿದಾಗ ಲ್ಯಾಬಿನಲ್ಲಿ ನಾನೇ ಪೇಢೆ ಹಂಚಿದ್ದೆ. ತಲೆ ತಗ್ಗಿಸಿದೆ. ಅಕ್ಕ ಬಿಳಿ ಕೋಟು ಕಳಚಿ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಕಾಲು ಗಂಟೆಯಲ್ಲಿ ಮೂಲೆಯ ಬೇಕರಿಯಿಂದ ಕಾಗದದಲ್ಲಿ ಸುತ್ತಿದ ಒಂದು ಚೂರು ಈಸ್ಟ್ ತಂದರು. ಎರಡು ನಳಿಕೆ ತೆಗೆದುಕೊಂಡು, ಒಂದರಲ್ಲಿ ಗ್ಲೂಕೋಸಿನ ನೀರು, ಇನ್ನೊಂದರಲ್ಲಿ ನನ್ನ ಹೆಂಡತಿಯ ಮೂತ್ರ ಹಾಕಿ, ಎರಡಕ್ಕೂ ಈಸ್ಟ್ ಕಲಸಿದರು. ಗಾಳಿ ಎದ್ದರೆ ಹಿಡಿಯಲು ಒಳಗೆ ಒಂದೊಂದು ಪುಟ್ಟ ನಳಿಕೆಯನ್ನು ಬೋರಲು ಹಾಕಿ, ಬಿಸಿನೀರಿನ ಡಬ್ಬದಲ್ಲಿ ನಿಲ್ಲಿಸಿದರು. ತಮ್ಮ ಕೆಲಸಕ್ಕೆ ಹೋದರು.

ನಾಲ್ಕು ಗಂಟೆಗೆ ಕರೆದರು. ಗ್ಲೂಕೋಸಿನ ನಳಿಕೆ ನೊರೆಯೆದ್ದು ಉಕ್ಕುತ್ತಿತ್ತು, ಒಳಗಿನ ಪುಟ್ಟ ನಳಿಕೆ ಗಾಳಿ ತುಂಬಿ ಮೇಲೆ ತೇಲಿತ್ತು. ಇನ್ನೊಂದರಲ್ಲಿ ಒಂದು ಗುಳ್ಳೆಯೂ ಇರಲಿಲ್ಲ. ಅದರಿಂದ ನಾಲ್ಕು ಹನಿ ತೆಗೆದು ಮತ್ತೆ ಬೆನೆಡಿಕ್ಟ್ ಹಾಕಿ ಕಾಯಿಸಿದರು. ಕಿತ್ತಳೆ, ಮೊದಲಿನಷ್ಟೇ.

"ನೋಡಿದೇನು? ಗ್ಲೂಕೋಸ್ ಇದ್ದಿದ್ರ ಈಸ್ಟ್ ಬಿಡ್ತಿತ್ತೇನು? ತಿಂದು ಗಾಳಿ ಬಿಡ್ತಿತ್ತು. ಇದನ್ನ ಮೂಸಿ ಸೈತ ನೋಡಿಲ್ಲ. ಇದು ಹಾಲಿನ ಸಕ್ಕರಿ, ತಮ್ಮಾ. ಎದಿಹಾಲು ಕೊಡೂ ಬಾಣಂತಿಗೆ ಮೂತ್ರದಾಗ ಇಳೀತದ. ಬೆನೆಡಿಕ್ಟಿಗೆ ಇದು ಯಾವ ಸಕ್ಕರಿ ಅನ್ನೂದು ತಿಳಿಯೂದಿಲ್ಲ. ನಿನ್ನ ಹೆಂಡತಿಗೆ ಯಾವ ರೋಗಾನೂ ಇಲ್ಲ."

ಆಮೇಲೆ ದಾರವಿಲ್ಲದ ಬಾಟಲಿಯನ್ನು ಎತ್ತಿಕೊಂಡರು. "ಇದು ಎಷ್ಟೊತ್ತಿಗೆ ತಗದದ್ದು?"

"ಮುಂಜಾನೆ ಆರಕ್ಕ."

"ಪಥ್ಯಾ ಮಾಡ್ಸೀಯೇನು?"

"ಹತ್ತು ದಿನ ಆತ್ರಿ."

ಅಕ್ಕ ಬಾಟಲಿಯನ್ನು ಠಕ್ಕೆಂದು ಮೇಜಿನ ಮೇಲಿಟ್ಟರು. ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಆಕಿ ರಕ್ತ ಬಾಟ್ಲ್ಯಾಗ ಕುಂತು ಹತ್ತು ತಾಸು ಉಂಡದ" ಎಂದರು. "ಆಕಿ ಉಂಡಾಳೇನು?"

ಸೊಂಟದ ಕೀಲಿಕೈ ಬಿಚ್ಚಿದರು. ಕಪಾಟು ತೆಗೆದು ಒಂದು ಕೆಂಪು ದಾರದ ಬಾಟಲಿ ನನ್ನ ಕೈಗೆ ಕೊಟ್ಟು, "ನಾಳೆ ಬೇಕಾದ್ರ ಇದರಾಗ ತಂದು ನೋಡು. ಈಗ ಮನಿಗೆ ಹೋಗು. ಮೊದಲ ಆಕಿಗೆ ಉಣ್ಣಾಕ ಹಾಕು" ಎಂದರು.

ಬಸ್ಸಿನಲ್ಲಿ ಕೂತು ಅತ್ತುಬಿಟ್ಟೆ. ಹೆಂಡತಿಗೆ ರೋಗವಿಲ್ಲ ಎಂಬ ಸಂತೋಷದ ಅಳು ಎಂದು ಹೇಳಿಕೊಳ್ಳಬಹುದು. ಆದರೆ ಅರ್ಧ ಅಳು ಆ ಹೆಂಗಸಿನ ಎದುರು ಹೀಗೆ ನಿಲ್ಲಬೇಕಾಯಿತಲ್ಲ ಎಂಬುದಕ್ಕಿತ್ತು. ನಾನೇ ಆ ಈಸ್ಟಿನ ಪರೀಕ್ಷೆ ಮಾಡಬಹುದಿತ್ತು. ನನ್ನ ಪುಸ್ತಕದಲ್ಲೇ ಇತ್ತು, ಅವರ ಪೆನ್ಸಿಲ್ ಟಿಪ್ಪಣಿಯೂ ಪಕ್ಕದಲ್ಲಿತ್ತು.

ಮನೆಗೆ ಬಂದು ಅಟ್ಟದಿಂದ ಡಬ್ಬಿ ಇಳಿಸಿದೆ. ಅತ್ತೆ ಸೊಂಟಕ್ಕೆ ಕೈಯಿಟ್ಟು ಎದುರಿಗೆ ನಿಂತರು. "ಇದೇನ್ರಿ ಈಗ? ರೋಗ ಹೋತೇನು?"

"ರೋಗಾನ ಇರಲಿಲ್ರಿ. ರಿಪೋರ್ಟ್ ತಪ್ಪಿತ್ತು."

"ಯಾರು ಮಾಡಿದ್ರು ತಪ್ಪು?"

ಹೆಂಡತಿ ಗೋಡೆಗೆ ಒರಗಿ ಕೂತು ನನ್ನನ್ನೇ ನೋಡುತ್ತಿದ್ದಳು. ಕಣ್ಣು ಗುಳಿಬಿದ್ದಿದ್ದವು. ಆ ನೋಟದಲ್ಲಿ ಸಂಶಯದ ಎಳೆಯೂ ಇರಲಿಲ್ಲ, ಅದೇ ನನಗೆ ತಡೆಯಲಾಗಲಿಲ್ಲ. "ಲ್ಯಾಬಿನ್ಯಾಗ ಒಬ್ಬಾಕಿ ಅದಾಳ, ಅಕ್ಕಾ ಅಂತಾರ. ಆಕೀ ತಪ್ಪು. ಇವತ್ತ ನಾ ಈಸ್ಟ್ ಹಾಕಿ ನೋಡಿ ಹಿಡದೆ" ಎಂದೆ. ಒಂದು ಕ್ಷಣವೂ ಯೋಚಿಸಬೇಕಾಗಲಿಲ್ಲ. ಎಷ್ಟೋ ದಿನದಿಂದ ತಯಾರು ಮಾಡಿಟ್ಟುಕೊಂಡ ಮಾತಿನ ಹಾಗೆ ಬಂತು.

ಒಂದು ವಾರದಲ್ಲಿ ಹಾಲು ಮರಳಿತು. ಹೆಸರಿಡುವ ದಿನ ಬಂದವರಿಗೆಲ್ಲ ಹೆಂಡತಿ ಇದೇ ಕತೆ ಹೇಳಿದಳು. "ನಮ್ಮನಿಯವ್ರು ಒಂದ ಚಿಟಿಕಿ ಈಸ್ಟ್ ಹಾಕಿ ನನ್ನೂ ಕೂಸಿನ್ನೂ ಉಳಿಸಿದ್ರು." ಹನ್ನೆರಡು ವರ್ಷದಲ್ಲಿ ಎಷ್ಟು ಜನಕ್ಕೆ ಹೇಳಿದ್ದಾಳೋ. ನನ್ನ ಮಗಳೂ ಶಾಲೆಯಲ್ಲಿ ಅಪ್ಪನ ಬಗ್ಗೆ ಪ್ರಬಂಧ ಬರೆ ಎಂದರೆ ಇದನ್ನೇ ಬರೆಯುತ್ತಾಳೆ.

ಅಕ್ಕ ಲ್ಯಾಬಿನಲ್ಲಿ ಯಾರಿಗೂ ಒಂದು ಮಾತು ಹೇಳಲಿಲ್ಲ. ಹೇಳಲಿ ಎಂದು ನಾನು ಕಾಯುತ್ತಿದ್ದೆ. ಹೇಳಿದ್ದರೆ ಅವರೂ ನನ್ನಂಥವರೇ ಎಂದು ಸಮಾಧಾನವಾಗುತ್ತಿತ್ತು. ಅಷ್ಟು ಸುಖವನ್ನೂ ಅವರು ನನಗೆ ಕೊಡಲಿಲ್ಲ. ಮುಂದೆ ಲ್ಯಾಬಿನ ಇನ್‌ಚಾರ್ಜ್ ಹುದ್ದೆ ಖಾಲಿಯಾದಾಗ, ಡಿಗ್ರಿ ಬೇಕೆಂಬ ನಿಯಮದಿಂದ ಅದು ನನಗೆ ಬಂತು. ಹೊಸ ಕುರ್ಚಿ, ಗಾಜು ಹೊದಿಸಿದ ಮೇಜು. ಆದರೆ ವಾರ್ಡಿನಿಂದ ಓಡಿಬಂದ ಯಾವ ಡಾಕ್ಟರೂ ನನ್ನ ಮೇಜಿನ ಹತ್ತಿರ ನಿಲ್ಲುತ್ತಿರಲಿಲ್ಲ. ಬಾಗಿಲಲ್ಲೇ "ಅಕ್ಕಾ ಕುಠೇ ಆಹೇತ?", ಅಕ್ಕ ಎಲ್ಲಿದ್ದಾರೆ, ಎಂದು ಕೇಳುತ್ತಿದ್ದರು. ನಾನು ಕಿಟಕಿಯ ಕಡೆ ಬೆರಳು ತೋರಿಸುತ್ತಿದ್ದೆ. ಇನ್‌ಚಾರ್ಜ್ ಆದ ಮೇಲೆ ನಾನು ಅತಿ ಹೆಚ್ಚು ಸಲ ಮಾಡಿದ ಕೆಲಸ ಅದೇ ಇರಬೇಕು.

ಅವರ ನಿವೃತ್ತಿಯ ದಿನ ಭಾಷಣ ನನ್ನದೇ. ಸಮಯಪಾಲನೆ, ಸ್ವಚ್ಛತೆ, ನಿಷ್ಠೆ ಎಂದೆಲ್ಲ ಹೇಳಿದೆ. ಈಸ್ಟ್ ಎಂಬ ಶಬ್ದ ಬಾಯಿಂದ ಬರಲಿಲ್ಲ. ಅಕ್ಕ ಹಾರ ತೆಗೆದು ಮೇಜಿನ ಮೇಲಿಟ್ಟು, "ತಮ್ಮಾ, ಚೊಲೋ ಮಾತಾಡಿದಿ" ಎಂದರು. ಹದಿಮೂರು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ, ಅದೂ ನಾನು ಮುಖ್ಯವಾದದ್ದನ್ನು ನುಂಗಿದ ಭಾಷಣಕ್ಕೆ. ಆಮೇಲೆ ಇಂದಾಪುರಕ್ಕೆ ಹೋಗಿ ನೆಲೆಸಿದರು. ಒಮ್ಮೆ ಹೋಗಿ ಬರಬೇಕೆಂದು ನಾಲ್ಕು ವರ್ಷ ಅಂದುಕೊಂಡೆ. ಹೋಗಲಿಲ್ಲ.

ಇಷ್ಟು ಬರೆದಿಟ್ಟು ಕಳೆದ ಭಾನುವಾರ ಬೆಳಿಗ್ಗೆ ಹೆಂಡತಿಯ ಎದುರು ಕೂತೆ. ಅವಳು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ಮೊದಲಿನಿಂದ ಹೇಳಿದೆ. ದಾರವಿಲ್ಲದ ಬಾಟಲಿ, ಬೇಕರಿಯ ಈಸ್ಟು, ಅಕ್ಕ ಕೇಳಿದ ಪ್ರಶ್ನೆ, ಅಂದು ಸಂಜೆ ನಾನು ಹೇಳಿದ ಸುಳ್ಳು. ಬಯ್ಯುತ್ತಾಳೆ, ಅಳುತ್ತಾಳೆ ಎಂದು ಎರಡಕ್ಕೂ ತಯಾರಾಗಿದ್ದೆ. ಅವಳ ಕೈ ನಿಂತಿತು.

"ಅಂದ್ರ ತಪ್ಪು ನಿಮ್ಮದು" ಎಂದಳು.

"ಹೌದು."

"ಹಿಡದಾಕಿ ಆಕಿ."

"ಹೌದು."

ಸೊಪ್ಪಿನ ತಟ್ಟೆಯನ್ನು ಬದಿಗೆ ಸರಿಸಿದಳು. "ಅವ್ರು ಮನಿಗೆ ಬಂದಿದ್ರು" ಎಂದಳು.

ನನಗೆ ಅರ್ಥವಾಗಲಿಲ್ಲ. "ಯಾರು?"

"ನಿಮ್ಮ ಅಕ್ಕಾ. ಅದಾಗಿ ನಾಕೈದು ದಿನಕ್ಕ. ನೀವು ಡ್ಯೂಟಿಗೆ ಹೋಗಿದ್ರಿ, ಅವ್ವ ಬಾಜಾರಕ್ಕ ಹೋಗಿದ್ಲು. ಬಾಗಲಾಗ ನಿಂತು, ನಾ ಲ್ಯಾಬಿನ್ಯಾಗ ಇರತೇನವಾ, ಕೂಸಿನ್ನ ನೋಡಾಕ ಬಂದೇನಿ ಅಂದ್ರು. ನಾ ಒಳಗ ಕರೀಲಿಲ್ರೀ. ನಿಮ್ಮ ತಪ್ಪಿಗೆ ನನ್ನ ಕೂಸು ಹತ್ತು ದಿನ ಉಪಾಸ ಬಿದ್ದದ, ನಮ್ಮನಿಯವ್ರು ಹಿಡೀಲಿಲ್ಲಂದ್ರ ಸತ್ತ ಹೋಗ್ತಿತ್ತು, ಯಾವ ಮಾರಿ ಹೊತ್ಕೊಂಡು ಬಂದ್ರಿ ಅಂದೆ. ಬಾಯಿಗೆ ಬಂದದ್ದೆಲ್ಲಾ ಅಂದೆ."

"ನನಗ್ಯಾಕ ಹೇಳಲಿಲ್ಲ?"

"ನೀವು ಮೊದಲ ಸಿಟ್ಟಿನವ್ರು. ಲ್ಯಾಬಿಗೆ ಹೋಗಿ ಆಕಿ ಜೋಡಿ ಜಗಳಾ ತಗೀತೀರಿ ಅಂತ ಬಿಟ್ಟೆ."

"ಅವ್ರು ಏನಂದ್ರು?"

ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. "ನನ್ನ ಹೆಗಲ ಮ್ಯಾಲಿಂದ ಒಳಗ ಕೂಸಿನ್ನ ನೋಡಿದ್ರು. ಆಮ್ಯಾಲೆ, ಹೌದವಾ, ತಪ್ಪಾಗೇದ ಅಂದ್ರು. ಈಗ ಹೊಟ್ಟಿ ತುಂಬ ಉಣ್ಣಾಕತ್ತೀಯಿಲ್ಲೋ ಅಂತ ಕೇಳಿದ್ರು. ನಾ ಬಾಗಲಾ ಹಾಕ್ಕೊಂಡೆ."

ಅದಾದ ಮೇಲೆ ಅಕ್ಕ ಆ ಲ್ಯಾಬಿನಲ್ಲಿ, ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿ, ಎಂಟು ವರ್ಷ ಕೆಲಸ ಮಾಡಿದರು.